ಪ್ರಸಂಗ ಶುರುವಾದರೆ ಜನ ಮೊಬೈಲ್ ತೆಗೀತಾರೆ!

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿ ಸಭೆಯ ಪಾಲಕ, ಅಂದರೆ ಚರ್ಚಿನ ಪಾಸ್ಟರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಶನಿವಾರ ರಾತ್ರಿ 12ರವರೆಗೆ ಕೂತು ಆರಾಧನೆಯ ಪ್ರಸಂಗ (ಉಪದೇಶ) ತಯಾರಿ ಮಾಡುತ್ತೇನೆ. ಭಾನುವಾರ 45 ನಿಮಿಷ ಮಾತಾಡುತ್ತೇನೆ. ಹತ್ತು ನಿಮಿಷಕ್ಕೆಲ್ಲ ಹಿಂದಿನವರು ಮೊಬೈಲ್ ತೆಗೆಯುತ್ತಾರೆ, ಮುಂದಿನ ಸಾಲಿನ ಅಜ್ಜಂದಿರು ತೂಕಡಿಸುತ್ತಾರೆ. ಮುಂದಿನ ತಿಂಗಳು ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿ ತೋಟದ ಸಾಮ್ಯ ಇದೆ, ಬೆಳಿಗ್ಗೆ ಬಂದ ಕೂಲಿಯವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಪಗಾರ ಕೊಟ್ಟ ಅಂತ ಯೇಸು ಹೇಳಿದ ಕಥೆ. ಏನು ಮಾಡಲಿ ಅಯ್ಯನವರೇ?

ಉತ್ತರ: ತೂಕಡಿಕೆಗೆ ಬೇಸರ ಮಾಡ್ಕೋಬೇಡಿ. ತ್ರೋವ ಎಂಬ ಊರಲ್ಲಿ ಅಪೊಸ್ತಲ ಪೌಲ ನಡುರಾತ್ರಿವರೆಗೆ ಮಾತಾಡಿದಾಗ ಯೂತಿಖ ಎಂಬ ಹುಡುಗ ಕಿಟಕಿಯಲ್ಲಿ ಕೂತಲ್ಲೇ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಅಪೊಸ್ತಲರ ಕೃತ್ಯಗಳು 20ರಲ್ಲಿದೆ. ಪೌಲ ಇಳಿದು ಹೋಗಿ ಹುಡುಗನನ್ನು ಉಳಿಸಿಕೊಂಡ, ಮತ್ತೆ ಮೇಲೆ ಬಂದು ಬೆಳಗಿನವರೆಗೆ ಮಾತಾಡಿದ! ನಮಗೆ ಆ ವರ ಇಲ್ಲ. 20 ನಿಮಿಷಕ್ಕೆ ಮುಗಿಸುವುದು ಕ್ಷೇಮ.

ನಿಮ್ಮ ತೊಂದರೆ ಶನಿವಾರ ರಾತ್ರಿಯದು. ಆ ಹೊತ್ತಿಗೆ ಊರು ಮಲಗಿರುತ್ತದೆ, ಎಚ್ಚರ ಇರುವುದು ನೀವು ಮತ್ತು ನಿಮ್ಮ ಪುಸ್ತಕ ಮಾತ್ರ. ಅದಕ್ಕೇ ಪ್ರಸಂಗ ಪುಸ್ತಕದ ಹಾಗೆ ಕೇಳಿಸುತ್ತದೆ. ಸೋಮವಾರವೇ ಆ ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿ, ಬೈಬಲ್ ಮುಚ್ಚಿಟ್ಟು ಹೊರಗೆ ಹೋಗಿ. ನೀವಿರುವುದು ದ್ರಾಕ್ಷಿ ಸೀಮೆಯಲ್ಲಿ, ಅದೃಷ್ಟವಂತರು. ನಿಮ್ಮ ಸಭೆಯಲ್ಲಿ ಕಟಾವಿಗೆ ಹೋಗಿ ಬಂದವರು ಇರುತ್ತಾರೆ, ಅಲ್ವಾ? ಈ ಸಾಮ್ಯದ ಯಜಮಾನ ಬೆಳಿಗ್ಗೆಯಿಂದ ಸಂಜೆ 5ರವರೆಗೆ ಐದು ಸಲ ಕೂಲಿಯವರನ್ನು ಕರೆಯಲು ಯಾಕೆ ಪೇಟೆಗೆ ಓಡಿದ ಅಂತ ಅವರನ್ನೇ ಕೇಳಿ. ಸಂಜೆ ಬಂದವನಿಗೂ ನಿಮ್ಮಷ್ಟೇ ಪಗಾರ ಕೊಟ್ಟರೆ ಏನಂತೀರಿ ಅಂತಲೂ ಕೇಳಿ. ಬೈತಾರೆ. ಆ ಬೈಗುಳ ನೆನಪಿಟ್ಟುಕೊಳ್ಳಿ, ನಿಮ್ಮ ಪ್ರಸಂಗ ಅಲ್ಲಿಂದಲೇ ಶುರುವಾಗಬೇಕು.

ಆಮೇಲೆ 7ನೇ ವಚನಕ್ಕೆ ಬನ್ನಿ. ಸಂಜೆ 5ಕ್ಕೂ ಪೇಟೆಯಲ್ಲಿ ನಿಂತಿದ್ದವರನ್ನು ಯಜಮಾನ ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಕೂಲಿಯವರು ನಿಲ್ಲುವ ಸರ್ಕಲ್‌ಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ಗಟ್ಟಿಮುಟ್ಟಾದವರನ್ನು ಮೊದಲು ಗಾಡಿ ಹತ್ತಿಸಿಕೊಂಡು ಹೋಗುತ್ತಾರೆ. ಉಳಿಯುವವರು ವಯಸ್ಸಾದವರು, ಕಾಲು ಎಳೆಯುವವರು, ಕಂಕುಳಲ್ಲಿ ಮಗು ಇರುವವರು. ಇವರು ಸೋಮಾರಿಗಳಲ್ಲ, ಯಾರಿಗೂ ಬೇಡವಾದವರು. ಯಜಮಾನ ಎಲ್ಲರಿಗೂ ಕೊಟ್ಟ ಒಂದು ಬೆಳ್ಳಿ ನಾಣ್ಯ ಆಗಿನ ಕಾಲದ ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಊಟ. ಗಂಟೆ ಲೆಕ್ಕ ಹಾಕಿ ಚಿಲ್ಲರೆ ಕೊಟ್ಟಿದ್ದರೆ ಆ ಮನೆಯ ಮಕ್ಕಳು ಅರೆಹೊಟ್ಟೆಯಲ್ಲಿ ಮಲಗಬೇಕಿತ್ತು.

ಬೈಬಲಿನ ಅರ್ಥ ಬಿಡಿಸಿ ಹೇಳುವ ವ್ಯಾಖ್ಯಾನ ಪುಸ್ತಕ ತೆಗೆಯುವುದು ಇಷ್ಟೆಲ್ಲ ಆದ ಮೇಲೆ, ಬುಧವಾರ ಅಥವಾ ಗುರುವಾರ. ನಾವೇನಾದರೂ ದಾರಿ ತಪ್ಪಿದ್ದೇವಾ ಅಂತ ನೋಡಿಕೊಳ್ಳಲು ಅದು ಬೇಕೇ ಬೇಕು. ಇಲ್ಲಂತೂ ಹಿಂದಿನ ಅಧ್ಯಾಯ ಓದದೆ ಹೋದರೆ ಪ್ರಸಂಗ ಬರೀ ಕೂಲಿ ಹೋರಾಟದ ಭಾಷಣ ಆಗುತ್ತದೆ. 19ನೇ ಅಧ್ಯಾಯದ 27ನೇ ವಚನದಲ್ಲಿ ಯೇಸುವಿನ ಶಿಷ್ಯ ಪೇತ್ರ, ನಾವು ಎಲ್ಲವನ್ನೂ ಬಿಟ್ಟು ಬಂದೆವಲ್ಲ, ನಮಗೇನು ಸಿಗುತ್ತದೆ ಅಂತ ಕೇಳುತ್ತಾನೆ. ಅದರ ಬೆನ್ನಿಗೇ ಬರುವ ಕಥೆ ಇದು. ಅಂದರೆ ಸೀನಿಯಾರಿಟಿ ಲೆಕ್ಕ ಹಾಕುವವರಿಗೆ ಹೇಳಿದ್ದು. ಈಗ ನಿಮ್ಮ ಸಭೆ ನೋಡಿ. ತಾತನ ಕಾಲದಿಂದ ಮುಂದಿನ ಬೆಂಚು ನಮ್ಮದು ಅನ್ನುವ ಮನೆತನಗಳು ಒಂದು ಕಡೆ, ಹೋದ ವರ್ಷ ಸೇರಿ ಬಾಗಿಲ ಹತ್ತಿರ ಕೂರುವ ಕುಟುಂಬ ಇನ್ನೊಂದು ಕಡೆ. ಯಜಮಾನ ಪಗಾರವನ್ನು ಕೊನೆಗೆ ಬಂದವರಿಂದ ಶುರು ಮಾಡಿದ್ದು ಯಾಕೆ? ಮೊದಲು ಬಂದವರು ಕಣ್ಣಾರೆ ನೋಡಲಿ ಅಂತ. ಇದೊಂದೇ ಮಾತು ಹೇಳಿ, ಬೆಂಚಿನ ಹೆಸರು ಎತ್ತಬೇಡಿ, ಅವರಿಗೇ ಗೊತ್ತಾಗುತ್ತದೆ. ಮುಂದಿನ ಸಾಲಿನ ಅಜ್ಜಂದಿರು ಆ ದಿನ ತೂಕಡಿಸುವುದಿಲ್ಲ, ಬೇಕಾದರೆ ನೋಡಿ.

ಹೆಸರು ಹೇಳದಿದ್ದರೂ ಮನೆಯ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ ಎಂಬುದನ್ನು ನಾನು ಪೆಟ್ಟು ತಿಂದು ಕಲಿತೆ. ಪ್ರಾರ್ಥನೆಗೆ ಅಂತ ಒಬ್ಬರು ಹೇಳಿಕೊಂಡ ಸಂಕಟವನ್ನು 'ಒಂದು ಊರಲ್ಲಿ ಒಬ್ಬ ತಾಯಿ' ಅಂತ ಪ್ರಸಂಗದಲ್ಲಿ ಹೇಳಿಬಿಟ್ಟೆ. ಇಡೀ ಸಭೆ ತಿರುಗಿ ಅವರನ್ನೇ ನೋಡಿತು. ಮೂರು ತಿಂಗಳು ಆ ಮನೆಯವರು ಆರಾಧನೆಗೆ ಬರಲಿಲ್ಲ. ಅದರಲ್ಲಿ ತಪ್ಪು ಪೂರ್ತಿ ನನ್ನದೇ. ಇನ್ನು ಯೂಟ್ಯೂಬಿನ ಅಮೆರಿಕದ ಪಾಸ್ಟರ್ ಹೇಳಿದ ಹಿಮದ ಕಥೆಯನ್ನು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಹೇಳುವುದು ಬೇಡ.

ಭಾಷೆಯ ವಿಷಯ. 'ನೀತೀಕರಣ', 'ಪವಿತ್ರೀಕರಣ' ಇಂಥ ದೇವತಾಶಾಸ್ತ್ರದ ಪದಗಳೆಲ್ಲ ಪರೀಕ್ಷೆಯಲ್ಲಿ ಬರೆಯುವ ಮಾತು. ಜರ್ಮನಿಯಿಂದ ಬಂದ ಕಿಟೆಲ್ ಪಾದ್ರಿ 1894ರ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಹಳೆಗನ್ನಡ ಕಾವ್ಯದ ಜೊತೆಗೇ ಜನರ ಗಾದೆಗಳನ್ನೂ ಕೂರಿಸಿದರು. ಇಲ್ಲೇ ಹುಟ್ಟಿದ ನಾವು ಪುಲ್ಪಿಟ್ ಹತ್ತಿದ ಕೂಡಲೇ ಗಾದೆ ಮರೆತುಬಿಡುತ್ತೇವೆ!

ಶುಕ್ರವಾರ ಸಂಜೆ ಖಾಲಿ ಚರ್ಚಿನಲ್ಲಿ ನಿಂತು ಪೂರ್ತಿ ಒಮ್ಮೆ ಹೇಳಿ ನೋಡಿ. ಎಲ್ಲಿ ಉಸಿರು ಸಾಲುವುದಿಲ್ಲವೋ ಅಲ್ಲಿ ವಾಕ್ಯ ಮುರಿಯಿರಿ. ಮೊದಲ ಮಾತು, ಕೊನೆಯ ಮಾತು ಎರಡನ್ನೂ ಬರೆದೇ ಇಟ್ಟುಕೊಳ್ಳಿ. ಕೊನೆಯ ಮಾತು ಇಲ್ಲದವರೇ 'ಕಡೆಯದಾಗಿ' ಅಂತ ಮೂರು ಸಲ ಹೇಳುವುದು. ಮರೆತಾಗ 'ಎಲ್ಲರೂ ಹಲ್ಲೆಲೂಯ ಹೇಳಿರಿ' ಅನ್ನಬೇಡಿ, ಎರಡು ಕ್ಷಣ ಸುಮ್ಮನಿರಿ. ಮೈಕಿನ ಎಕೋ ಕಮ್ಮಿ ಮಾಡಿಸಿ.

ಪ್ರಶ್ನೆ: ಸ್ತ್ರೀಯರ ಕೂಟದಲ್ಲಿ ನಾನು ಹಾಳೆ ನೋಡಿಕೊಂಡು ಸಂದೇಶ ಕೊಡುತ್ತೇನೆ. ಬರೆದುಕೊಂಡು ಬಂದರೆ ಅದು ಪವಿತ್ರಾತ್ಮನ ಮಾತಲ್ಲ ಅಂತ ಕೆಲವರು ಆಡಿಕೊಳ್ಳುತ್ತಾರೆ. ಹೌದಾ?

ಉತ್ತರ: ಇಲ್ಲಮ್ಮಾ. ಪ್ರವಾದಿ ಯೆರೆಮೀಯ ಹೇಳಿ ಬರೆಸಿದ ಮಾತನ್ನು ಅವನ ಬರಹಗಾರ ಬಾರೂಕ ಸುರುಳಿ ಹಿಡಿದು ದೇವಾಲಯದಲ್ಲಿ ಓದಿದ. ಅದು ಎಷ್ಟು ನಾಟಿತೆಂದರೆ ಅರಸ ಆ ಸುರುಳಿಯನ್ನು ಕತ್ತರಿಸಿ ಬೆಂಕಿಗೆ ಹಾಕಿದ. ಭಾನುವಾರ ಮೈಕಿನ ಮುಂದೆ ಬರುವ ಆತ್ಮ, ಮಂಗಳವಾರ ನೀವು ಅಡುಗೆ ಮನೆಯಲ್ಲಿ ಕೂತು ಬರೆಯುವಾಗ ಬರಬಾರದಾ? ಬರೀರಿ. ಆದರೆ ಅಕ್ಷರ ದೊಡ್ಡದಾಗಿರಲಿ, ಒಂದು ಸಾಲು ನೋಡಿ ತಲೆ ಎತ್ತಿ ಹೇಳುವಷ್ಟು. ಹಾಳೆಗೆ ನಂಬರ್ ಹಾಕಿಕೊಳ್ಳಿ, ಫ್ಯಾನಿನ ಕೆಳಗೆ ನಿಲ್ಲಬೇಡಿ.