ನಿಂಬೆ ಎಲೆ ಮೇಲೆ ಬೆಳ್ಳಿ ಗೆರೆ: ಯಾವ ಎಣ್ಣೆ ಹೊಡೆಯಬೇಕು?

ಮೂರು ವರ್ಷದ ನಿಂಬೆ ಗಿಡ, ಎಲೆ ತುಂಬ ಬೆಳ್ಳಿ ಗೆರೆ. ಯಾವ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಲಿ ಅಂತ ಕೇಳಿದ್ದೀರಿ. ಓದಿದ ಕೂಡಲೇ ಅಫಜಲಪುರದ ನಮ್ಮ ಹೊಲ ಕಣ್ಣ ಮುಂದೆ ಬಂತು. ಅಣ್ಣಾ, ಎಣ್ಣೆ ಮಾತು ಬಿಡಿ. ಗೆರೆ ಬಿದ್ದಿರುವುದು ಎಳೆ ಎಲೆಯೋ, ಬಲಿತ ಎಲೆಯೋ?

ನಾನು ಭೀಮಾ ದಂಡೆಯಲ್ಲಿ 60 ಗಿಡ ಹಚ್ಚಿದ್ದೆ. ಮಳೆಗಾಲದಲ್ಲಿ, ಎಲೆಯೊಳಗೆ ಬೆಳ್ಳಿ ಗೆರೆ ಕೊರೆಯುವ ಇದೇ ರಂಗೋಲಿ ಹುಳು ಬಂತು. ಹೆದರಿ, ಗೆರೆ ಇದ್ದ ಟೊಂಗೆಗಳನ್ನೆಲ್ಲ ಕತ್ತರಿಸಿದೆ. ಗಿಡ ಸೊರಗಬಾರದು ಅಂತ ಯೂರಿಯಾ ಹಾಕಿ ನೀರು ಬಿಟ್ಟೆ. ಎರಡು ವಾರಕ್ಕೆ ಗಿಡವೆಲ್ಲ ಹಸಿರು ಚಿಗುರು. ನನಗೆ ಖುಷಿಯೋ ಖುಷಿ.

ಹಾಳಾಗಿದ್ದು ಅಲ್ಲೇ. ಈ ಹುಳುವಿನ ಪತಂಗ ಮೊಟ್ಟೆ ಇಡುವುದು ಎಳೆ ಎಲೆಗೆ. ಮರಿ ಎಲೆಯ ತೆಳು ಸಿಪ್ಪೆಯೊಳಗೆ ಹೊಕ್ಕು ತಿನ್ನುತ್ತಾ ಹೋಗುತ್ತದೆ. ಎಲೆ ಬಲಿತು ಗಟ್ಟಿಯಾದರೆ ಅದಕ್ಕೆ ಕೊರೆಯಲು ಆಗುವುದಿಲ್ಲ. ನಾನು ಕತ್ತರಿಸಿದ್ದು ಬಲಿತ ಎಲೆ, ಹುಳು ಎಂದೋ ಬಿಟ್ಟು ಹೋದ ಎಲೆ. ಗೆರೆ ಇದ್ದರೂ ಅದು ಗಿಡಕ್ಕೆ ಅನ್ನ ಮಾಡಿ ಹಾಕುತ್ತಿತ್ತು. ಅದನ್ನು ಕಿತ್ತು, ಹುಳುವಿಗೆ ಬೇಕಾದ ಎಳೆ ಎಲೆಯನ್ನು ನಾನೇ ಗಿಡದ ತುಂಬ ಬೆಳೆಸಿ ಕೊಟ್ಟೆ. ಚಿಗುರೆಲ್ಲ ಮುರುಟಿತು. ಆ ಗಾಯಗಳಲ್ಲಿ ಕಜ್ಜಿ ರೋಗ ಸೇರಿತು, ಕಾಯಿಗೂ ಹತ್ತಿತು. ವ್ಯಾಪಾರಿ ಚೀಲ ಬಿಚ್ಚಿ ನೋಡಿ ಹಾಗೇ ಕಟ್ಟಿಟ್ಟ.

ರಸ ಹೀರುವ ಸೈಲಾ ಹೇನೂ ಎಳೆ ಚಿಗುರಿಗೇ ಮೊಟ್ಟೆ ಇಡುತ್ತದೆ. ಹಕ್ಕಿ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಗೂ ಎಳೆ ಎಲೆಯೇ ಇಷ್ಟ. ಬಲಿತ ಎಲೆಗೆ ನುಸಿ, ಎಲೆಗೆ ಅಂಟಿ ರಸ ಹೀರುವ ಶಲ್ಕ ಕೀಟ ಬರುತ್ತವೆ, ಆ ಮಾತು ಬೇರೆ.

ಅದಕ್ಕೇ ಬಲಿತ ಎಲೆ ಮುಟ್ಟಬೇಡಿ. ಕಾಂಡದಿಂದ ನೆಟ್ಟಗೆ ಏಳುವ ದಂಡು ಚಿಗುರು ಮಾತ್ರ ಕೀಳಿ. ಯೂರಿಯಾ ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪ ಕೊಡಿ. ಹೊಸ ಚಿಗುರು ಬೆರಳುದ್ದ ಆಗುವಾಗ ಬೇವಿನ ಬೀಜದ ಕಷಾಯ ಹೊಡೆಯಿರಿ. 100 ಲೀಟರ್ ನೀರಿಗೆ 5 ಕಿಲೋ ಬೀಜ ಸಾಕು. ಎಲೆಯ ಅಡಿಗೂ ತಾಗಬೇಕು. ಚಿಗುರು ಇನ್ನೂ ಎಳೆಯದಿದ್ದರೆ ಹತ್ತು ದಿನಕ್ಕೆ ಇನ್ನೊಮ್ಮೆ. ಜಾಸ್ತಿ ವಿಷದ ಎಣ್ಣೆ ಸುಮ್ನೆ ಹೊಡೆದರೆ, ಈ ಹುಳುವನ್ನು ಕೊಲ್ಲುವ ಸಣ್ಣ ಕಣಜಗಳೇ ಸಾಯುತ್ತವೆ.

ನಾಳೆ ಬೆಳಿಗ್ಗೆ ಗೆರೆ ಇರುವ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಗೆರೆಯ ತುದಿಯಲ್ಲಿ ಹಳದಿ ಮರಿ ಕಾಣದಿದ್ದರೆ, ಎಲೆಯ ಮಡಿಸಿದ ಅಂಚಿನಲ್ಲಿ ಕೋಶವೂ ಇಲ್ಲದಿದ್ದರೆ, ಪಂಪು ಹೆಗಲಿಗೆ ಏರಿಸಬೇಡಿ.