ಕಾಲಲ್ಲಿ ಉರಿ, ಜೋಮು ಇಲ್ಲದಿದ್ದರೂ ಪಾದದ ನರಗಳ ಪರೀಕ್ಷೆ ಬೇಕೇ?

ನಿಮ್ಮ ತಂದೆಯವರಿಗೆ ಟೈಪ್ 2 ಮಧುಮೇಹವಿದೆ, ಅಘನಾಶಿನಿ ನದಿ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ಇಂದಿಗೂ ಬರಿಗಾಲಲ್ಲೇ ಇಳಿಯುತ್ತಾರೆ, ಕಾಲಲ್ಲಿ ಉರಿಯಾಗಲಿ ಜೋಮಾಗಲಿ ಇಲ್ಲವಾದ್ದರಿಂದ ಪರೀಕ್ಷೆ ಬೇಡವೆನ್ನುತ್ತಾರೆ ಎಂದು ಬರೆದಿದ್ದೀರಿ. ಪರೀಕ್ಷೆ ಬೇಕೇ ಬೇಕು. ಕುಮಟೆಯ ಕ್ಲಿನಿಕ್ಕೊಂದರಲ್ಲಿ ಶುಶ್ರೂಷಕಿಯಾಗಿ ಇದನ್ನೇ ಮಾಡುವ ನನಗೆ, ಉರಿಯೆಂದು ಬರುವವರಿಗಿಂತ ಏನೂ ಇಲ್ಲವೆನ್ನುವವರ ಪಾದಗಳ ಬಗ್ಗೆಯೇ ಹೆಚ್ಚು ಅನುಮಾನ. ಮಧುಮೇಹದಿಂದ ಪಾದದ ನರಗಳಿಗೆ ಹಾನಿಯಾದವರಲ್ಲಿ ಅರ್ಧದಷ್ಟು ಮಂದಿಗೆ ಯಾವ ಲಕ್ಷಣವೂ ಇಲ್ಲದಿರಬಹುದು. ಟೈಪ್ 2 ಆದರೆ ಕಾಯಿಲೆ ಪತ್ತೆಯಾದಾಗಲೇ, ಟೈಪ್ 1 ಆದರೆ 5 ವರ್ಷಗಳ ಬಳಿಕ ಆರಂಭಿಸಿ, ವರ್ಷಕ್ಕೊಮ್ಮೆ ನೋಡಿಸಬೇಕು.

ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಹೆಬ್ಬೆರಳಿಗೂ ಪಾದದ ಮುಂಭಾಗದ ಕೆಲವು ಜಾಗಗಳಿಗೂ ಒತ್ತುತ್ತೇವೆ. 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ, ಆ ಸ್ಪರ್ಶ ತಿಳಿಯದಿದ್ದರೆ ಪಾದವನ್ನು ಕಾಯುವ ಸಂವೇದನೆ ಹೋಗಿದೆ ಎಂದರ್ಥ. ಇದರ ಜೊತೆಗೆ 128 ಹರ್ಟ್ಸ್‌ನ ಶ್ರುತಿಕವೆಯಿಂದ (ತಟ್ಟಿದರೆ ಕಂಪಿಸುವ ಕವಲು ಸಲಾಕೆ, ಟ್ಯೂನಿಂಗ್ ಫೋರ್ಕ್) ಕಂಪನವನ್ನೋ, ಸೂಜಿಮೊನೆಯ ಚುಚ್ಚುವಿಕೆಯನ್ನೋ ಪರೀಕ್ಷಿಸುವುದುಂಟು. ನಮ್ಮ ಕಡೆಯವರಲ್ಲಿ ಒಂದು ತೊಡಕಿದೆ. ಜನ್ಮವಿಡೀ ಬರಿಗಾಲಲ್ಲಿ ನಡೆದವರ ಅಂಗಾಲು ಜಡ್ಡುಗಟ್ಟಿರುತ್ತದೆ. ಜಡ್ಡಿನ ಮೇಲೆ ಎಳೆಯನ್ನು ಒತ್ತಿದರೆ ನರ ಚೆನ್ನಾಗಿದ್ದರೂ ತಿಳಿಯದು, ಆದ್ದರಿಂದ ಅದರ ಪಕ್ಕದ ಚರ್ಮದ ಮೇಲೆ ನೋಡಬೇಕು. ಇನ್ನೊಂದು, ಕಣ್ಣು ಮುಚ್ಚಿಸದೆ "ಗೊತ್ತಾಯಿತೇ?" ಎಂದು ಕೇಳುತ್ತ ಹೋದರೆ ಹಿರಿಯರು ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ನಾನು ನಡುನಡುವೆ ಮುಟ್ಟದೆಯೂ ಕೇಳುತ್ತೇನೆ.

ಮನೆಯಲ್ಲೇ ಒಮ್ಮೆ ನೋಡಬೇಕೆಂದರೆ, ಅವರು ಕಣ್ಣು ಮುಚ್ಚಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲ್ಲವೂ ತಿಳಿದರೂ ವರ್ಷದ ಪರೀಕ್ಷೆ ತಪ್ಪಿಸುವಂತಿಲ್ಲ.

ಹೋದ ಸಂವೇದನೆ ಸಾಮಾನ್ಯವಾಗಿ ಮರಳುವುದಿಲ್ಲ. ಆದರೆ ಅದು ಹೋಗಿದೆಯೆಂದು ತಿಳಿದವರು ಬಚ್ಚಲಿನ ಬಿಸಿನೀರನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡುತ್ತಾರೆ, ಚಿಪ್ಪು ಮುಳ್ಳುಗಳಿರುವ ಕೆಸರಿಗೆ ಬರಿಗಾಲಲ್ಲಿ ಇಳಿಯುವುದಿಲ್ಲ, ರಾತ್ರಿ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯನ್ನು ಬಹುಕಾಲದಿಂದ ಸೇವಿಸುತ್ತಿದ್ದರೆ ಬಿ12 ಜೀವಸತ್ವದ ಮಟ್ಟವನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ, ಏಕೆಂದರೆ ಆ ಮಾತ್ರೆಯಿಂದ ಬಿ12 ಕಡಿಮೆಯಾಗಬಹುದು, ಬಿ12 ಕೊರತೆಯಿಂದಲೂ ನರಗಳು ಹಾಳಾಗುತ್ತವೆ ಮತ್ತು ಆ ಕೊರತೆಗೆ ಚಿಕಿತ್ಸೆಯಿದೆ.