ಸಂಜೆಯಾದರೆ ಕಟ್ಟುವ ಗಂಟಲು

ಪ್ರಶ್ನೆ: ನಾನು ಹದಿನೈದು ವರ್ಷಗಳಿಂದ ಪಾಠ ಮಾಡುತ್ತಿರುವ ಪ್ರಾಥಮಿಕ ಶಾಲಾ ಶಿಕ್ಷಕಿ. ಎರಡು ತಿಂಗಳಿಂದ ಮಧ್ಯಾಹ್ನದ ಹೊತ್ತಿಗೇ ದನಿ ಗೊಗ್ಗರಾಗಿ, ಸಂಜೆಗೆ ಗಂಟಲು ಕಟ್ಟಿಬಿಡುತ್ತದೆ. ಮನೆಯಲ್ಲಿ ಪಿಸುಗುಟ್ಟಿಯೇ ಮಾತನಾಡುತ್ತೇನೆ, ಬಿಸಿನೀರು ಕುಡಿಯುತ್ತೇನೆ. ಆದರೂ ಗುಣ ಕಾಣುತ್ತಿಲ್ಲ. ಇದು ಹೀಗೇ ಉಳಿದುಬಿಡುವುದೇ?

ಉತ್ತರ: ಮೊದಲು ಪಿಸುಗುಟ್ಟುವುದನ್ನು ಬಿಡಿ. ಕಟ್ಟಿದ ಗಂಟಲಿನಿಂದ ಒತ್ತಿ ಪಿಸುಗುಟ್ಟುವ ಹಲವರು ತಮಗೇ ತಿಳಿಯದಂತೆ ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ಹಿಂಡಿ ಹಿಡಿದಿರುತ್ತಾರೆ. ಅದಕ್ಕಿಂತ ಸಹಜವಾದ ಮೆಲುದನಿ ವಾಸಿ, ಮೌನ ಇನ್ನೂ ವಾಸಿ.

ದನಿಗೆ ಈ ಗತಿ ಏಕೆ ಬರುತ್ತದೆಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಹೆಂಗಸರು ಮಾತನಾಡುವಾಗ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಕಿ ಬೇರ್ಪಡುತ್ತವೆ. ನಡುವಿನ ನಿಲುಗಡೆಗಳನ್ನೆಲ್ಲ ಕಳೆದು, ನಿಮಗೆ ದಿನಕ್ಕೆ ದನಿ ಹೊರಡುವುದು ಎರಡೇ ಗಂಟೆ ಎಂದಿಟ್ಟುಕೊಂಡರೂ ಈ ತಾಕಾಟ 14 ಲಕ್ಷ ದಾಟುತ್ತದೆ. ಹಿಂದಿನ ಬೆಂಚಿಗೆ ಕೇಳಿಸಲೆಂದು ಗಂಟಲು ಬಿಗಿದು ಕೂಗಿದಾಗ ತಾಕಾಟವೇ ಬಡಿತವಾಗುತ್ತದೆ. ಬಡಿತ ಹೆಚ್ಚಾಗಿ ಬೀಳುವುದು ತಂತುಗಳ ಕಂಪಿಸುವ ಭಾಗದ ನಟ್ಟನಡುವೆ. ಅಲ್ಲಿನ ಮೃದುವಾದ ಪದರ ಮೊದಲು ಬಾತುಕೊಂಡು, ತಿಂಗಳುಗಳು ಕಳೆದಂತೆ, ಹಾರೆ ಹಿಡಿದವನ ಅಂಗೈಯ ಹಾಗೆ ಎದುರುಬದುರಾಗಿ ಜಡ್ಡುಗಟ್ಟುತ್ತದೆ. ವೈದ್ಯರು ನಾಡ್ಯೂಲ್ ಎನ್ನುವುದು ಇದಕ್ಕೇ. ಈ ಗಂಟುಗಳು ಅಡ್ಡ ಬಂದು ತಂತುಗಳು ಪೂರ್ತಿ ಕೂಡದಿದ್ದಾಗ ಸಂದಿನಿಂದ ಗಾಳಿ ಸೋರಿ ದನಿ ಗೊಗ್ಗರಾಗುತ್ತದೆ. ಆ ಕೊರತೆ ನೀಗಿಸಲು ನೀವು ಇನ್ನಷ್ಟು ಒತ್ತಿ ಮಾತನಾಡುತ್ತೀರಿ, ಗಂಟು ಇನ್ನಷ್ಟು ಗಟ್ಟಿಯಾಗುತ್ತದೆ. ಆಗಾಗ ಖ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವುದೂ ಅದೇ ಜಾಗಕ್ಕೆ ಕೊಡುವ ಪೆಟ್ಟು. ಹಾಗನ್ನಿಸಿದಾಗ ಒಂದು ಗುಟುಕು ನೀರು ನುಂಗಿ.

ಬಿಸಿನೀರು ತಂತುಗಳನ್ನು ನೇರವಾಗಿ ತೊಳೆಯುತ್ತದೆಂದು ಮಾತ್ರ ಎಣಿಸಬೇಡಿ. ಕುಡಿದದ್ದು ಹೋಗುವುದು ಅನ್ನನಾಳಕ್ಕೆ, ತಂತುಗಳನ್ನು ತಾಕಿದರೆ ಕೆಮ್ಮು ಬಂದೀತು. ದೇಹದಲ್ಲಿ ನೀರಿನಂಶ ಸಾಕಷ್ಟಿದ್ದರೆ ತಂತುಗಳ ಮೇಲಿನ ಲೋಳೆ ತೆಳುವಾಗಿರುತ್ತದೆ. ಆದ್ದರಿಂದ ಬಿಸಿಯೋ ತಣ್ಣಗೋ ಎಂಬ ಚಿಂತೆ ಬಿಟ್ಟು ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ.

ನಿಮಗೆ ಆಗಿರುವುದು ಇದೇ ಎಂದು ಕಾಗದದ ಮೇಲೆ ಹೇಳಲಾಗದು. ದನಿ ಒಡೆದು ನಾಲ್ಕು ವಾರ ಕಳೆದರೆ ಕಿವಿ-ಮೂಗು-ಗಂಟಲು ತಜ್ಞರಿಂದ ಒಳಗನ್ನು ನೋಡಿಸಲೇಬೇಕು. ನೀವು ಆಗಲೇ ತಡಮಾಡಿದ್ದೀರಿ. ನಾಡ್ಯೂಲ್ ಎಂದೇ ತಿಳಿದರೆ ಹೆದರಬೇಡಿ, ಅದಕ್ಕೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯಲ್ಲ, ವಾಕ್ ತಜ್ಞರ ಬಳಿ ಉಸಿರು ಮತ್ತು ದನಿಯ ತರಬೇತಿ. ಅಲ್ಲಿಯವರೆಗೆ ತರಗತಿಗೆ ಒಂದು ಸಣ್ಣ ಮೈಕ್ ಕೊಂಡೊಯ್ಯಿರಿ, ಸದ್ದಡಗಿಸಲು ಕೂಗುವ ಬದಲು ಚಪ್ಪಾಳೆ ತಟ್ಟಿ.

ಪ್ರಶ್ನೆ: ಪಂದ್ಯ ನೋಡುತ್ತ ಒಮ್ಮೆ ಜೋರಾಗಿ ಕಿರುಚಿದೆ, ಆ ಕ್ಷಣಕ್ಕೇ ದನಿ ಹೋಯಿತು. ನೋವಿಲ್ಲ. ಎರಡು ದಿನದ ಬಳಿಕ ಹಾಡುವ ಕಾರ್ಯಕ್ರಮವಿದೆ. ಹಾಡಬಹುದೇ?

ಉತ್ತರ: ಬೇಡ. ಹೀಗೆ ತಟಕ್ಕನೆ ದನಿ ಹೋದಾಗ ತಂತುವಿನ ಸಣ್ಣ ರಕ್ತನಾಳ ಒಡೆದಿರುವ ಸಾಧ್ಯತೆಯಿರುತ್ತದೆ, ಅದರ ಮೇಲೆ ಹಾಡಿದರೆ ಕಲೆಗಟ್ಟಬಹುದು. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಸಂಗತಿಯಲ್ಲ. ಪೂರ್ತಿ ಮೌನವಾಗಿದ್ದು ಇಂದೇ ತಜ್ಞರಿಗೆ ತೋರಿಸಿ, ಕಾರ್ಯಕ್ರಮದವರಿಗೆ ಚೀಟಿ ಬರೆದು ತಿಳಿಸಿ.